ಮಾರಿಕಣಿವೆ ಅಂಗಳದಲ್ಲಿ ಒದ್ದ ಕರೆಂಟು

ವಿಮಾನದ ರೆಕ್ಕೆಯ ನೆರಳಿನಲ್ಲಿ ಎಮ್ಮೆಗಳು ಮಲಗಿ ಮೆಲುಕು ಹಾಕುತ್ತಿದ್ದವು. ಒಂದು ಎಮ್ಮೆಯಂತೂ ಎದ್ದು ನಿಂತು ಹಿಂದಿನ ಚಕ್ರಕ್ಕೆ ಮೈ ಉಜ್ಜುತ್ತಿತ್ತು. ಪಕ್ಕದಲ್ಲಿ ಯಾರೋ ಕೊಟ್ಟ ಪ್ಲಾಸ್ಟಿಕ್ ಕೊಡವನ್ನು ಬೋರಲು ಹಾಕಿ ಅದರ ಮೇಲೆ ನಮ್ಮ ಕ್ಯಾಪ್ಟನ್ ಕುಳಿತಿದ್ದರು. ನಾನು ಟ್ರ್ಯಾಕ್ಟರಿನಿಂದ ಇಳಿದು ಟೂಲ್ ಪೆಟ್ಟಿಗೆ ಕೆಳಗಿಟ್ಟಾಗ ಅವರು ಆಡಿದ ಮೊದಲ ಮಾತು: "ಇವತ್ತೇ ಬಂದೆಯಲ್ಲ, ಒಳ್ಳೇದಾಯ್ತು. ನಾಡಿದ್ದು ಬಂದಿದ್ದರೆ ತೆಪ್ಪದಲ್ಲಿ ಬರಬೇಕಾಗಿತ್ತು."

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ.

ಜಾಗ ಯಾವುದೆಂದು ಹೇಳಿಬಿಡುತ್ತೇನೆ. ಮಾರಿಕಣಿವೆ ಅಣೆಕಟ್ಟೆಯ ಹಿನ್ನೀರು ಹೊಸದುರ್ಗ ತಾಲ್ಲೂಕಿನೊಳಕ್ಕೆ ಚಾಚಿಕೊಂಡಿದೆ. ಮಳೆ ಸರಿಯಾಗಿ ಆಗದ ವರ್ಷಗಳಲ್ಲಿ ನೀರು ಕಟ್ಟೆಯ ಕಡೆಗೆ ಸರಿದು, ಮಾಡದಕೆರೆ ಸುತ್ತಿನ ಈ ಭಾಗವೆಲ್ಲ ಒಣಗಿ ಬಯಲಾಗುತ್ತದೆ. ಊರಿನವರು ಅದನ್ನು ಅಂಗಳ ಎನ್ನುತ್ತಾರೆ. ಅಂಗಳದಲ್ಲಿ ದನ ಮೇಯಿಸುತ್ತಾರೆ, ಧೈರ್ಯವಿದ್ದವರು ಒಂದು ಬೆಳೆಯನ್ನೂ ತೆಗೆಯುತ್ತಾರೆ. ತೊಂಬತ್ತರ ದಶಕದ ನಡುವಿನ ಅಂಥದೊಂದು ವರ್ಷ, ಮಳೆಗಾಲ ಮುಗಿಯುತ್ತ ಬಂದಾಗ, ಅಲ್ಲಿ ನಮ್ಮ ಕಂಪನಿಯ ನಾಲ್ಕು ಸೀಟಿನ ವಿಮಾನ ಬಂದು ಕುಳಿತಿತ್ತು.

ಬೆಂಗಳೂರಿನ ಹೊರವಲಯದ ಸಣ್ಣ ವಿಮಾನ ನಿಲ್ದಾಣವೊಂದರಲ್ಲಿ ನಮ್ಮ ಹ್ಯಾಂಗರ್ ಇತ್ತು. ಕಿರುವಿಮಾನಗಳ ವಿದ್ಯುತ್ ಮತ್ತು ರೇಡಿಯೋ ಕೆಲಸಕ್ಕೆ ಪರವಾನಗಿ ಪಡೆದ ಎಂಜಿನಿಯರ್ ನಾನು. ಆ ವಿಮಾನ ಚಿತ್ರದುರ್ಗ, ಹೊಳಲ್ಕೆರೆ ಗುಡ್ಡಗಳ ಮೇಲೆ ತಗ್ಗಿನಲ್ಲಿ ಹಾರಾಡುತ್ತ ನೆಲದೊಳಗಿನ ಅದಿರು ಹುಡುಕುವ ಯಂತ್ರವನ್ನು ಹೊತ್ತು ತಿರುಗುತ್ತಿತ್ತು. ಹಿಂದಿನ ದಿನ ಹಾರುತ್ತಿರುವಾಗಲೇ ರೇಡಿಯೋ ಸತ್ತಿತು. ಹಿಂದೆಯೇ ಡ್ಯಾಶ್‌ಬೋರ್ಡಿನ ಅಡಿಯಿಂದ ಹೊಗೆ ಬಂತು. ಕ್ಯಾಪ್ಟನ್ ಸೇನೆಯಲ್ಲಿ ಹಾರಿಸಿ ನಿವೃತ್ತರಾದವರು. ಗಾಬರಿಯಾಗದೆ ಮೇನ್ ಸ್ವಿಚ್ ಆರಿಸಿದರು. ಇಂಥ ವಿಮಾನದ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋ ತನ್ನಷ್ಟಕ್ಕೆ ತಾನೇ ಇರುತ್ತದೆ, ಬ್ಯಾಟರಿಯ ಹಂಗಿಲ್ಲ. ಹಾಗಾಗಿ ಎಂಜಿನ್ ನಿಲ್ಲಲಿಲ್ಲ. ಆದರೆ ಹೊಗೆ ಕುಡಿಯುತ್ತ ಹಾರುವುದಕ್ಕಿಂತ ಇಳಿಯುವುದೇ ಮೇಲೆಂದು ಅವರು ಈ ಬಯಲನ್ನು ಆರಿಸಿಕೊಂಡಿದ್ದರು.

ಆರಿಸಿಕೊಂಡದ್ದೂ ಸೊಗಸಾಗಿತ್ತು. ಕಟ್ಟೆ ಕಟ್ಟುವ ಮೊದಲು ಅಲ್ಲೊಂದು ಗಾಡಿ ದಾರಿ ಇತ್ತಂತೆ. ನೀರಿನಲ್ಲಿ ಮುಳುಗಿ ಎದ್ದರೂ ಅದರ ಗರಸು ಮಣ್ಣಿನ ದಿಬ್ಬ ನೆಟ್ಟಗೆ, ಗಟ್ಟಿಯಾಗಿ ಉಳಿದಿತ್ತು. ಕ್ಯಾಪ್ಟನ್ ಅದರ ಮೇಲೇ ಇಳಿಸಿದ್ದರು. ದಿಬ್ಬದ ಎರಡೂ ಕಡೆ ಮಾತ್ರ ಎರೆಮಣ್ಣು. ಎರೆಮಣ್ಣು ಒಣಗಿದ್ದಾಗ ಕಲ್ಲು, ನೆನೆದರೆ ಹಿಟ್ಟು. ನನ್ನನ್ನು ಬೆಂಗಳೂರಿನಿಂದ ತಂದ ಜೀಪು ಅಂಗಳದ ಅಂಚಿನ ಹಸಿ ಮಣ್ಣಿನಲ್ಲೇ ಕೈಚೆಲ್ಲಿತ್ತು. ಅಲ್ಲಿಂದಾಚೆಗೆ ಮಾಡದಕೆರೆಯ ರೈತರೊಬ್ಬರು ತಮ್ಮ ಟ್ರ್ಯಾಕ್ಟರಿನಲ್ಲಿ ಕರೆತಂದಿದ್ದರು.

ದಿಬ್ಬದ ಮೇಲೆ ಇನ್ನೊಬ್ಬರಿದ್ದರು, ನೀರಾವರಿ ಇಲಾಖೆಯ ಸೌಡಿ. ಕಾಲುವೆ, ತೂಬು ನೋಡಿಕೊಳ್ಳುವ ನೌಕರ. ವಿಮಾನ ಕಾಯುವುದಕ್ಕೆ ಅವರಿಗೆ ಯಾರೂ ಹೇಳಿರಲಿಲ್ಲ, ತಾವಾಗಿಯೇ ನಿಂತಿದ್ದರು.

"ಮ್ಯಾಲೆ ಗುಡ್ಡದ ಕಡೆ ಮಳೆ ಬಿದ್ದೈತೆ ಸಾ," ಎಂದರು. "ಹೊಳೆ ಹೊಸದುರ್ಗ ದಾಟಿ ಬಂತು ಅಂದ್ರೆ ಹೇಳಿ ಕೇಳಿ ಬರಲ್ಲ. ಮೊದ್ಲು ಆ ಹಳ್ಳದಾಗೆ ನುಗ್ತೈತೆ, ಆಮ್ಯಾಕೆ ಈ ಕಡೆ ತಗ್ಗಿಗೆ ಬರ್ತೈತೆ. ಮಧ್ಯದಾಗೆ ನೀವು."

"ದಿಬ್ಬ ಮುಳುಗುತ್ತದಾ?"

"ಮೊದ್ಲು ದಾರಿ ಮುಳುಗ್ತೈತೆ. ದಿಬ್ಬ ಆಮ್ಯಾಕೆ."

ರೆಕ್ಕೆ ಬಿಚ್ಚಿ ಟ್ರೇಲರಿನ ಮೇಲೆ ಹಾಕಿಕೊಂಡು ಹೋಗೋಣವೆಂದರೆ ಅದಕ್ಕೆ ಜನ ಬೇಕು, ಕ್ರೇನ್ ಬೇಕು, ಎಲ್ಲಕ್ಕಿಂತ ಒಣಗಿದ ನೆಲ ಬೇಕು. ಅದೇ ಸಂಜೆ ಜಿಟಿಜಿಟಿ ಹನಿ ಶುರುವಾಗಿ ಆ ಮಾತು ಅಲ್ಲಿಗೇ ನಿಂತಿತು. ವಿಮಾನ ಹೊರಗೆ ಹೋಗುವುದಿದ್ದರೆ ಹಾರಿಯೇ ಹೋಗಬೇಕು. ಹಾರಬೇಕಾದರೆ ಅದು ಹಾರಲು ಯೋಗ್ಯವಾಗಿದೆ ಎಂದು ನಾನು ಸಹಿ ಹಾಕಬೇಕು. ಬೋನಿಗೆ ಬಿದ್ದವನಿಗೆ ಬಾಗಿಲು ಮುಚ್ಚಿದ ಸದ್ದು ತಡವಾಗಿ ಕೇಳಿಸುತ್ತದಂತೆ. ನನಗೆ ಆ ಹನಿಗಳು ರೆಕ್ಕೆಯ ಮೇಲೆ ಬಿದ್ದಾಗ ಕೇಳಿಸಿತು.

ಬೆಳಗಾಗುತ್ತಲೇ ಡ್ಯಾಶ್‌ಬೋರ್ಡ್ ಬಿಚ್ಚಿದೆ. ಸುಟ್ಟ ರೇಡಿಯೋ ಒಳಗೆ ನೋಡುವಂಥದ್ದೇನೂ ಉಳಿದಿರಲಿಲ್ಲ. ಅದಿರು ಹುಡುಕುವ ಯಂತ್ರದ ಪವರ್ ಸಪ್ಲೈನಲ್ಲಿ ಕೆಪಾಸಿಟರ್ ಸಿಡಿದು ಅದರ ಹೊಟ್ಟೆಯ ಕಾಗದವೆಲ್ಲ ಹೊರಬಂದಿತ್ತು. ಹೊಗೆ ಬಂದದ್ದು ಅಲ್ಲಿಂದ. ಎರಡನ್ನೂ ಒಟ್ಟಿಗೆ ಕೊಂದದ್ದು ಸ್ಪೈಕ್ ಎನ್ನುವುದು ಗೊತ್ತಾಯಿತು. ಇಪ್ಪತ್ತೆಂಟು ವೋಲ್ಟಿನಲ್ಲಿ ಸಭ್ಯವಾಗಿ ಹರಿಯುವ ಕರೆಂಟು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಎಷ್ಟೋ ಪಟ್ಟು ಎದ್ದು ಇಳಿದಿದೆ. ಯಾಕೆ ಎದ್ದಿತು ಎಂದು ಹುಡುಕುತ್ತ ಬಾಲದ ಕಡೆ ಹೋದೆ. ಆ ವಿಮಾನದ ಬ್ಯಾಟರಿ ಇರುವುದು ಬಾಲದಲ್ಲಿ, ಲಗೇಜಿನ ಬಾಗಿಲ ಹಿಂದೆ.

ಬ್ಯಾಟರಿಯ ಪಕ್ಕ ಒಂದು ರಿಲೇ ಇರುತ್ತದೆ. ಮೇನ್ ಸ್ವಿಚ್ ಹಾಕಿದರೆ ರಿಲೇಯ ಕಾಯಿಲ್ ಎಳೆದುಕೊಂಡು ಬ್ಯಾಟರಿಯನ್ನು ಉಳಿದೆಲ್ಲದಕ್ಕೂ ಜೋಡಿಸುತ್ತದೆ. ಅದರ ಅರ್ಥ್ ವೈರಿನ ಕೊಂಡಿ ಬೆರಳಲ್ಲಿ ಮುಟ್ಟಿದರೆ ಅಲ್ಲಾಡುತ್ತಿತ್ತು. ತಗ್ಗಿನಲ್ಲಿ ಗುಡ್ಡಗಾಳಿಗೆ ಕುಲುಕಾಡುತ್ತ ಹಾರಿದಾಗಲೆಲ್ಲ ರಿಲೇ ಬಿಡುತ್ತಿತ್ತು, ಹಿಡಿಯುತ್ತಿತ್ತು. ಕಾಯಿಲಿಗೆ ಅಡ್ಡಲಾಗಿ ಒಂದು ಸಣ್ಣ ಡಯೋಡ್ ಇರಬೇಕು. ಇತ್ತು, ಆದರೆ ಒಂದು ಕಾಲು ಮುರಿದುಕೊಂಡಿತ್ತು.

ಟ್ರ್ಯಾಕ್ಟರ್ ಯಜಮಾನರು ನನ್ನ ಹಿಂದೆಯೇ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಸುಮ್ಮನೆ ನೋಡುವ ಜೀವವಲ್ಲ ಅದು.

"ಆ ಗುಂಡುಸೂಜಿಯಂಥಾದ್ದು ಮುರಿದಿದ್ದಕ್ಕೆ ಇಷ್ಟೆಲ್ಲ ರಂಪನೇನ್ರಿ ಎಂಜಿನಿಯರ್ರೆ?"

"ಯಜಮಾನ್ರೇ, ನಿಮ್ಮ ಬೋರಿನ ನೀರು ಪೈಪಿನಾಗೆ ಜೋರಾಗಿ ಹೋಗ್ತಿರುವಾಗ ಗೇಟ್‌ವಾಲ್ವ್ ಪಟ್ ಅಂತ ಮುಚ್ಚಿದ್ರೆ ಏನಾಗ್ತೈತೆ?"

"ಪೈಪು ಒದೀತೈತೆ. ಜಾಯಿಂಟು ಕಿತ್ಕಂಡು ಹೋಗ್ತೈತೆ."

"ಕಾಯಿಲ್‌ನಾಗೆ ಹೋಗೋ ಕರೆಂಟೂ ಅಷ್ಟೇ. ತಟ್ಟಂತ ಕಡಿದ್ರೆ ಒದೀತೈತೆ. ಈ ಡಯೋಡು ಅದಕ್ಕೆ ಸುತ್ತಾಕ್ಕಂಡು ಬರಾಕೆ ಒಂದು ಸಣ್ಣ ದಾರಿ. ದಾರಿ ಮುರಿದಿತ್ತು, ಹೋಗಿ ರೇಡಿಯೋಗೆ ಒದೀತು."

ಅವರು ನನ್ನ ಮುಖವನ್ನೇ ನೋಡಿದರು. "ಯಾವೂರು ನಿಮ್ದು?"

"ಬಿ.ದುರ್ಗ."

"ಹೊಳಲ್ಕೆರೆ ತಾಲ್ಲೂಕು ಬಿ.ದುರ್ಗನಾ! ಲೇ, ನಮ್ಮೋನೇ ಅಲ್ಲೇನಪ್ಪ ನೀನು! ನಾನು ಬೆಂಗ್ಳೂರು ಸಾಹೇಬ್ರು ಅಂತ ರೊಟ್ಟಿ ಕೊಡಾಕೂ ಹಿಂದೆ ಮುಂದೆ ನೋಡ್ತಿದ್ದೆ." ಅಲ್ಲಿಂದಾಚೆಗೆ ನನಗೆ ಬಹುವಚನ ತಪ್ಪಿತು. ರೊಟ್ಟಿ ಬಂತು.

ಹೊಸ ಡಯೋಡ್ ಹಾಕಿದೆ. ಅದರ ಮೈಮೇಲೆ ಒಂದು ಬಿಳಿ ಉಂಗುರ ಇರುತ್ತದೆ, ಆ ತುದಿ ಪ್ಲಸ್ ಕಡೆಗೆ ಬರಬೇಕು. ತಿರುಗಿಸಿ ಹಾಕಿದರೆ ಸ್ವಿಚ್ ಹಾಕಿದ ಕೂಡಲೇ ಸುಟ್ಟು ಬೂದಿ. ಮೂರು ಸಲ ನೋಡಿ ಬೆಸುಗೆ ಹಾಕಿದೆ. ಅರ್ಥ್ ವೈರಿಗೆ ಹೊಸ ಕೊಂಡಿ ಒತ್ತಿದೆ. ಆದರೆ ರಿಲೇಯ ಒಳಗಿನ ತಾಮ್ರದ ಮುಖಗಳು ಕಿಡಿ ತಿಂದು ಗುಳಿ ಬಿದ್ದಿದ್ದವು. ಬದಲಿ ರಿಲೇ ನನ್ನಲ್ಲಿ ಇರಲಿಲ್ಲ. ಅದು ಮತ್ತೆ ಹಾರಾಟದ ನಡುವೆ ಕೈಬಿಟ್ಟರೆ ಇನ್ನೂ ದೊಡ್ಡ ಒದೆತ ಬರುತ್ತದೆ. ಆಲ್ಟರ್ನೇಟರ್ ತಯಾರಿಸುವ ಕರೆಂಟನ್ನು ಬ್ಯಾಟರಿ ಮೆತ್ತನೆಯ ದಿಂಬಿನ ಹಾಗೆ ತಡೆದುಕೊಂಡಿರುತ್ತದೆ. ದಿಂಬನ್ನು ಎಳೆದುಬಿಟ್ಟರೆ ಅಷ್ಟೂ ಕರೆಂಟು ಉಳಿದ ಉಪಕರಣಗಳ ಮೇಲೆ ಬೀಳುತ್ತದೆ. ಅದನ್ನು ತಡೆಯಲು ನಾನು ತಂದಿದ್ದದ್ದು ಒಂದೇ ಒಂದು ದಪ್ಪ ಸಪ್ರೆಸರ್. ವೋಲ್ಟೇಜು ಹದ್ದು ಮೀರಿದರೆ ತಾನು ನುಂಗಿಕೊಳ್ಳುವ ಜಾತಿಯ ಡಯೋಡ್ ಅದು. ಅದನ್ನು ರೇಡಿಯೋಗೆ ಹೋಗುವ ಲೈನಿಗೆ ಅಡ್ಡಲಾಗಿ ಹಾಕಿ, ಬೆಂಗಳೂರಿನಿಂದ ತಂದ ಬದಲಿ ರೇಡಿಯೋವನ್ನು ಕೂರಿಸಿದೆ.

ಬ್ಯಾಟರಿ ಮಾತ್ರ ಖಾಲಿ. ಇಳಿದ ಸಂಜೆಯೆಲ್ಲ ಕ್ಯಾಪ್ಟನ್ ಸತ್ತ ರೇಡಿಯೋದಲ್ಲಿ ಯಾರನ್ನಾದರೂ ಕೂಗಿ ನೋಡೋಣವೆಂದು ಸ್ವಿಚ್ ಹಾಕಿಕೊಂಡೇ ಕೂತಿದ್ದರು. ರಿಲೇಯನ್ನು ಎಳೆಯುವಷ್ಟು ತ್ರಾಣವೂ ಅದರಲ್ಲಿ ಇರಲಿಲ್ಲ. ಯಜಮಾನರು ತಮ್ಮ ಟ್ರ್ಯಾಕ್ಟರಿನದೊಂದು, ತಮ್ಮನ ಟ್ರ್ಯಾಕ್ಟರಿನದೊಂದು ಬ್ಯಾಟರಿ ತಂದರು. ಎರಡನ್ನೂ ಸಾಲಾಗಿ ಜೋಡಿಸಿ ಇಪ್ಪತ್ನಾಲ್ಕು ವೋಲ್ಟ್ ಮಾಡಿ, ರಿಲೇಯ ಆಚೆ ಬದಿಯ ಟರ್ಮಿನಲ್ಲಿಗೇ ಕ್ಲಿಪ್ ಕಚ್ಚಿಸಿದೆ. ಅಂದರೆ ಈಗ ದಿಂಬು ಎಂದರೆ ಆ ಟ್ರ್ಯಾಕ್ಟರ್ ಬ್ಯಾಟರಿಗಳೇ. ಕ್ಲಿಪ್ ಕಾಯಲು ಯಜಮಾನರನ್ನು ಬಾಲದ ಬಳಿ ನಿಲ್ಲಿಸಿ, ಕ್ಯಾಪ್ಟನ್ ಪಕ್ಕದ ಸೀಟಿಗೆ ಹತ್ತಿದೆ.

ಎಂಜಿನ್ ಮೊದಲ ಸಲಕ್ಕೇ ಹಿಡಿಯಿತು. ಎಮ್ಮೆಗಳು ಎದ್ದು ಬಿದ್ದು ಓಡಿದವು. ಆಲ್ಟರ್ನೇಟರ್ ಸ್ವಿಚ್ ಹಾಕಿದೆ, ಮೀಟರಿನ ಮುಳ್ಳು ಇಪ್ಪತ್ತೆಂಟಕ್ಕೆ ಬಂದು ನಿಂತಿತು. ರೇಡಿಯೋ ಹಾಕಿದೆ. ಹೆಡ್‌ಫೋನಿನಲ್ಲಿ ಸುಯ್ ಎನ್ನುವ ಸದ್ದು ಬಂದಾಗ ನನಗೆ ಆದ ಖುಷಿ ಹೇಳತೀರದು. ಮನೆಗೆ ಹೋಗುತ್ತೇನೆ ಎನಿಸಿತು. ಹಾಗೇ ಹಿಂದಕ್ಕೆ ತಿರುಗಿ ನೋಡಿದೆ. ಯಜಮಾನರ ಕೈ ಕ್ಲಿಪ್ಪಿನ ಮೇಲಿತ್ತು. ಆ ಕೈ ಏನು ಮಾಡಲು ಹೊರಟಿದೆ ಎಂಬುದು ತಕ್ಷಣ ಗೊತ್ತಾಯಿತು, ಯಾಕೆಂದರೆ ನಾನು ಹುಟ್ಟಿ ಬೆಳೆದದ್ದೂ ಅದೇ ಸೀಮೆಯಲ್ಲಿ.

ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಿಂದ ಹಿರಿಯೂರಿನ ಲಾರಿ ಗ್ಯಾರೇಜಿನವರೆಗೆ ಯಾವ ಮೆಕ್ಯಾನಿಕ್ಕನ್ನು ಬೇಕಾದರೂ ನೋಡಿ. ಡೈನಮೋ ಚಾರ್ಜ್ ಮಾಡುತ್ತಿದೆಯೇ ಎಂದು ತಿಳಿಯಲು ಗಾಡಿ ಓಡುತ್ತಿರುವಾಗಲೇ ಬ್ಯಾಟರಿಯ ವೈರ್ ಕಿತ್ತು ನೋಡುತ್ತಾರೆ. ಎಂಜಿನ್ ನಿಲ್ಲದಿದ್ದರೆ ಡೈನಮೋ ಸರಿ ಇದೆ ಎಂದು ಅರ್ಥ. ಹಳೇ ಡೈನಮೋಗಳ ಕಾಲದಲ್ಲಿ ಅದರಿಂದ ಅಂಥ ಕೇಡೂ ಆಗುತ್ತಿರಲಿಲ್ಲ.

"ತೆಗೀಬ್ಯಾಡ್ರಿ!" ಎಂದು ಗಂಟಲು ಹರಿಯುವಂತೆ ಕೂಗಿದೆ.

ಯಜಮಾನರು ಸರಿ ಎನ್ನುವಂತೆ ತಲೆಯಾಡಿಸಿ, ತೆಗೆದರು.

ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಪಟಾಕಿ ಹೊಡೆದಂತಾಯಿತು. ಮೀಟರಿನ ಮುಳ್ಳು ಆ ತುದಿಗೆ ಬಡಿದು ಸೊನ್ನೆಗೆ ಬಿತ್ತು. ಕೂದಲು ಸುಟ್ಟ ವಾಸನೆ ಬಂತು. ಕ್ಯಾಪ್ಟನ್ ಎಲ್ಲ ಸ್ವಿಚ್ ಆರಿಸಿ ಎಂಜಿನ್ ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ಯಜಮಾನರ ದನಿ ಖುಷಿಯಾಗಿ ಕೇಳಿಸಿತು: "ಚಾರ್ಜ್ ಮಾಡ್ತೈತೆ ಕಣಪ್ಪ! ವೈರ್ ಕಿತ್ತರೂ ಎಂಜಿನ್ ನಿಲ್ಲಲಿಲ್ಲ ನೋಡು!"

ನಾನು ಇಳಿದು ಹೋಗಿ ಏನೇನು ಅಂದೆನೋ ಬರೆಯುವಂತಿಲ್ಲ. ಅಪ್ಪನ ವಯಸ್ಸಿನವರು ಎಂಬುದೂ ನೆನಪಾಗಲಿಲ್ಲ. ಅವರು ಬೆಪ್ಪಾಗಿ ನಿಂತರು.

"ನೀನೇ ತೆಗೀರಿ ಅಂದ್ಯಲ್ಲೋ!"

"ತೆಗೀಬ್ಯಾಡ್ರಿ ಅಂದೆ!"

"ಬ್ಯಾಡ ಅಂದಿದ್ದು ನನ್ನ ತಾವ ಬರಲೇ ಇಲ್ಲಪ್ಪ."

ಬಂದಿರಲಿಕ್ಕಿಲ್ಲ. ನಮ್ಮ ಭಾಷೆಯಲ್ಲಿ ಕೆಲಸ ಮೊದಲು ಬರುತ್ತದೆ, ಬೇಡ ಎನ್ನುವುದು ಬಾಲದಲ್ಲಿ. ಪ್ರೊಪೆಲ್ಲರಿನ ಗಾಳಿ ಆ ಬಾಲವನ್ನು ಕತ್ತರಿಸಿಕೊಂಡು ಹೋಗಿತ್ತು. ಆವತ್ತಿನಿಂದ ಇವತ್ತಿನವರೆಗೆ ಓಡುತ್ತಿರುವ ಎಂಜಿನ್ ಬಳಿ ನಾನು ಮೊದಲು "ಬೇಡ" ಎಂದು ಕೂಗಿ, ಏನು ಬೇಡ ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಹ್ಯಾಂಗರಿನ ಹುಡುಗರು ಇದನ್ನು ಅಣಕಿಸಿ ಆಡಿಕೊಳ್ಳುವುದೂ ಗೊತ್ತಿದೆ.

ಬಿಚ್ಚಿ ನೋಡಿದೆ. ಸಪ್ರೆಸರ್ ಸೀಳಿಹೋಗಿತ್ತು. ಆಲ್ಟರ್ನೇಟರನ್ನು ಅಂಕೆಯಲ್ಲಿಡುವ ರೆಗ್ಯುಲೇಟರ್ ಕೂಡ ಸತ್ತಿತ್ತು. ರೇಡಿಯೋವನ್ನು ಬೇರೆ ಬ್ಯಾಟರಿಗೆ ಹಚ್ಚಿ ನೋಡಿದರೆ ಸುಯ್ ಅಂದಿತು. ಸಪ್ರೆಸರ್ ತಾನು ಸತ್ತು ಅದನ್ನು ಉಳಿಸಿತ್ತು. ಆದರೆ ಇನ್ನೊಂದು ಒದೆತ ತಿನ್ನಲು ಈಗ ನನ್ನಲ್ಲಿ ಏನೂ ಇರಲಿಲ್ಲ.

ಯಜಮಾನರು ವಿಮಾನದ ಖಾಲಿ ಬ್ಯಾಟರಿಯನ್ನು ಹೆಗಲ ಮೇಲೆ ಹೊತ್ತು ಟ್ರ್ಯಾಕ್ಟರಿನ ಮೇಲಿಟ್ಟರು. ತಮ್ಮ ಬ್ಯಾಟರಿಗಳನ್ನು ದಿಬ್ಬದ ಮೇಲೇ ಬಿಟ್ಟು, ಟ್ರ್ಯಾಕ್ಟರನ್ನು ಇಳಿಜಾರಿನಲ್ಲಿ ಉರುಳಿಸಿ ಸ್ಟಾರ್ಟ್ ಮಾಡಿದರು. ಮಾಡದಕೆರೆಯಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ ಇತ್ತು. ನಾನೂ ಜೊತೆಗೆ ಹೋದೆ, ಎಸ್‌ಟಿಡಿ ಬೂತಿನಿಂದ ಫೋನ್ ಮಾಡಬೇಕಾಗಿತ್ತು. ದಾರಿಯುದ್ದಕ್ಕೂ ಅವರು ಮುಂದೆ, ನಾನು ಮಡ್‌ಗಾರ್ಡಿನ ಮೇಲೆ. ನೆನೆದ ಎರೆಮಣ್ಣು ಚಕ್ರಕ್ಕೆ ಸುತ್ತಿಕೊಂಡು ಟ್ರ್ಯಾಕ್ಟರೇ ಏದುಸಿರು ಬಿಡುತ್ತಿತ್ತು.

ನಮ್ಮ ಮಾಲೀಕರಿಗೆ ನಿಧಾನವಾಗಿ ಎಲ್ಲ ಹೇಳಿದೆ.

"ಒಂದು ಸಲ ಮಾತ್ರ ಹಾರಿಸಿ ತರೋದಕ್ಕೆ ಅನುಮತಿ ಕೇಳಿದೀನಿ, ಕೊಡ್ತಾರೆ," ಎಂದರು. "ಎರಡೇ ಷರತ್ತು. ರೇಡಿಯೋ ಇರಬೇಕು, ಸ್ಥಳದಲ್ಲಿರೋ ಎಂಜಿನಿಯರ್ ಸಹಿ ಇರಬೇಕು."

"ಸರ್, ರೆಗ್ಯುಲೇಟರ್ ಸತ್ತಿದೆ. ರಿಲೇ ಮೇಲೆ ನಂಬಿಕೆ ಇಲ್ಲ. ಮತ್ತೆ ಹೊಗೆ ಬಂದರೆ ಅವರು ಗುಡ್ಡದ ಮೇಲಿರ್ತಾರೆ."

"ವಿಮಾನ ನೀರಲ್ಲಿ ಮುಳುಗಿದರೆ ನಿನ್ನ ನೌಕರಿಗೂ ಎಳ್ಳುನೀರು ಬಿಟ್ಟ ಹಾಗೇ ತಿಳ್ಕೋ." ಫೋನ್ ಇಟ್ಟರು.

ಬೂತಿನ ಹೊರಗೆ ಮೆಟ್ಟಿಲ ಮೇಲೆ ಕೂತೆ. ನಿಜ ಹೇಳುತ್ತೇನೆ, ಅಲ್ಲಿಂದ ಹೊಸದುರ್ಗಕ್ಕೆ ಬಸ್ಸು ಹಿಡಿದು, ಅಲ್ಲಿಂದ ಬಿ.ದುರ್ಗಕ್ಕೆ ಹೋಗಿ, ಅಮ್ಮ ಮಾಡಿದ ಮುದ್ದೆ ಉಂಡು ಮಲಗಿಬಿಡೋಣ ಎನಿಸಿತು. ಸಹಿ ಹಾಕಿದರೆ ಒಬ್ಬ ಮನುಷ್ಯನ ಜೀವ ನನ್ನ ಪೆನ್ನಿನ ತುದಿಯಲ್ಲಿ. ಹಾಕದಿದ್ದರೆ ವಿಮಾನ ಎರೆಮಣ್ಣಿನ ಪಾಲು, ನಾನು ಬೀದಿ ಪಾಲು. ಬೇರೆ ಯಾರನ್ನಾದರೂ ಕಳಿಸಿ ಸಹಿ ಹಾಕಿಸುವಷ್ಟು ಹೊತ್ತೂ ಹೊಳೆ ಕೊಡುವಂತಿರಲಿಲ್ಲ.

ಕರೆಂಟು ಬಂದು ಹೋಗಿ ಮಾಡಿದ್ದರಿಂದ ಬ್ಯಾಟರಿ ಅರ್ಧವಷ್ಟೇ ಚಾರ್ಜ್ ಆಯಿತು. ಕಾಯುವಂತಿರಲಿಲ್ಲ, ತೆಗೆದುಕೊಂಡು ಹೊರಟೆವು. ಹಳ್ಳದ ಬಳಿ ಸೌಡಿ ಕೈ ಅಡ್ಡ ಹಿಡಿದು ನಿಂತಿದ್ದರು. ಬೆಳಿಗ್ಗೆ ಒಣಗಿದ್ದ ಹಳ್ಳದಲ್ಲಿ ಕೆಂಪು ನೀರು ಕಸಕಡ್ಡಿ ಹೊತ್ತುಕೊಂಡು ಸದ್ದಿಲ್ಲದೆ ತೆವಳುತ್ತಿತ್ತು.

"ಟ್ರ್ಯಾಕ್ಟರ್ ಈ ಕಡೆನೇ ಬಿಡ್ರಿ ಯಜಮಾನ್ರೇ. ಒಳಕ್ಕೆ ಹೋದ್ರೆ ಈಚೆ ಬರಲ್ಲ."

ಮೂವರೂ ನಡೆದೆವು. ಬ್ಯಾಟರಿಯನ್ನು ಒಬ್ಬರಾದ ಮೇಲೊಬ್ಬರು ಹೊತ್ತೆವು. ಮೊಣಕಾಲುದ್ದ ನೀರು ದಾಟಿ, ಮಣ್ಣಿನಲ್ಲಿ ಚಪ್ಪಲಿ ಹೂತು, ಬರಿಗಾಲಲ್ಲಿ ದಿಬ್ಬ ಹತ್ತಿದೆವು. ಆ ನಡಿಗೆಯಲ್ಲೇ ನನ್ನ ತಲೆ ತಿರುಗಿತು. ತಿರುಗಿತು ಎಂದರೆ ಸರಿದಾರಿಗೆ ತಿರುಗಿತು.

ಬಂದಾಗಿನಿಂದ ನಾನು ಒದೆತವನ್ನು ತಡೆಯುವುದು ಹೇಗೆಂದು ಒದ್ದಾಡುತ್ತಿದ್ದೆ. ಒದೆಯುವವರನ್ನೇ ಹೊರಗೆ ಹಾಕಿದರೆ? ಆಲ್ಟರ್ನೇಟರ್, ರಿಲೇ, ಸ್ಟಾರ್ಟರ್, ರೆಕ್ಕೆಯ ಹಿಂದಿನ ಅಂಚಿನ ಫ್ಲಾಪ್ ಪಟ್ಟಿಯನ್ನು ಇಳಿಸಿ ಏರಿಸುವ ಮೋಟಾರು, ಮಿಣುಕುವ ದೀಪ, ಇವೆಲ್ಲ ಒದೆಯುವ ಜಾತಿ. ಬರೀ ಬ್ಯಾಟರಿ ಒದೆಯುವುದಿಲ್ಲ. ಎಂಜಿನ್ನಿಗೆ ಮ್ಯಾಗ್ನೆಟೋ ಇದೆ, ಇವು ಯಾವುದೂ ಬೇಡ. ಹಾರಲು ಬೇಕಾದದ್ದು ಎಂಜಿನ್, ಅನುಮತಿಗೆ ಬೇಕಾದದ್ದು ರೇಡಿಯೋ. ಬ್ಯಾಟರಿಯಿಂದ ಒಂದು ಫ್ಯೂಸ್, ಒಂದು ಸ್ವಿಚ್, ನೇರವಾಗಿ ರೇಡಿಯೋ. ಉಳಿದದ್ದೆಲ್ಲ ಕಿತ್ತು ಹಾಕುವುದು.

ಕ್ಯಾಪ್ಟನ್ ಕೇಳಿಸಿಕೊಂಡರು. ಅವರು ಯಾವತ್ತೂ ದನಿ ಎತ್ತಿದವರಲ್ಲ.

"ಸ್ಟಾರ್ಟ್ ಮಾಡೋದು?"

"ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸ್ತೀನಿ ಸರ್."

"ಮತ್ತೆ ಹೊಗೆ ಬಂದರೆ?"

"ಬರೋದಿಲ್ಲ ಸರ್."

"ನಿನಗೆ ಗೊತ್ತಿರೋದನ್ನು ಹೇಳ್ತಿದೀಯೋ, ನಿನಗೆ ಬೇಕಾಗಿರೋದನ್ನೋ?"

ಕೆಲಸಕ್ಕೆ ಕೂತೆ.

ಮೊದಲು ಟ್ರ್ಯಾಕ್ಟರ್ ಬ್ಯಾಟರಿ ಹಚ್ಚಿ ಫ್ಲಾಪನ್ನು ಒಂದು ಮೆಟ್ಟಿಲು ಇಳಿಸಿ ಅಲ್ಲಿಗೇ ನಿಲ್ಲಿಸಿದೆ. ಗಿಡ್ಡ ದಾರಿಯಲ್ಲಿ ಬೇಗ ಏಳಲು ಅದು ಬೇಕು. ಆಮೇಲೆ ಒಂದೊಂದಾಗಿ ಬಿಚ್ಚುತ್ತ ಬಂದೆ. ಆಲ್ಟರ್ನೇಟರಿನ ಬೆಲ್ಟನ್ನು ಕತ್ತರಿಸಿ ಎಳೆದೆ. ರಿಲೇಯನ್ನು ಬ್ಯಾಟರಿಯಿಂದ ಬಿಡಿಸಿದೆ. ಬಿಚ್ಚಿದ ಪ್ರತಿ ವೈರಿನ ತುದಿಗೂ ಟೇಪ್ ಸುತ್ತಿ, ಅಲ್ಲಾಡದಂತೆ ದಾರದಲ್ಲಿ ಕಟ್ಟಿದೆ. ಯಜಮಾನರು ಪಕ್ಕದಲ್ಲಿ ಕೂತು ಕೇಳಿದ್ದನ್ನು ಕೈಗೆ ಕೊಡುತ್ತಿದ್ದರು. ಎರಡು ದಿನ ಬಾಯಿ ಮುಚ್ಚದ ಮನುಷ್ಯನಿಗೆ ಈಗ ಏನನ್ನು ಮುಟ್ಟಲೂ ಅಂಜಿಕೆ. ಇಕ್ಕಳ ಕೊಡುವ ಮೊದಲು ಕೂಡ "ಕೊಡ್ಲೇನಪ್ಪ?" ಎಂದು ಕೇಳುತ್ತಿದ್ದರು. ನನ್ನ ಬೈಗುಳ ಅವರೊಳಗೆ ಎಲ್ಲಿ ಹೋಗಿ ಕೂತಿತ್ತೋ ನೋಡಿ ನಾಚಿಕೆಯಾಯಿತು. ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ.

ಮುಗಿಯುವ ಹೊತ್ತಿಗೆ ಮೋಡ ಹರಿದು ಬಿಸಿಲು ಬಿದ್ದಿತ್ತು. ಎರಡೂ ಕಡೆಯ ತಗ್ಗುಗಳಲ್ಲಿ ನೀರು ಹೊಳೆಯುತ್ತಿತ್ತು. ದಿಬ್ಬದ ಆ ತುದಿಯನ್ನು ನೀರು ಆಗಲೇ ಮುಟ್ಟಿತ್ತು. ಕ್ಯಾಪ್ಟನ್ ಹೆಜ್ಜೆ ಹಾಕಿಕೊಂಡು ಹೋಗಿ ಬಂದರು. "ಈಗ ಸಾಕಾಗುತ್ತೆ. ಇನ್ನು ಸ್ವಲ್ಪ ಹೊತ್ತಾದರೆ ಸಾಕಾಗಲ್ಲ," ಎಂದು ಕಾಗದವನ್ನು ನನ್ನ ಮುಂದೆ ಹಿಡಿದರು.

ರೆಕ್ಕೆಯ ಕಂಬಕ್ಕೆ ಕಾಗದ ಒತ್ತಿಕೊಂಡು ಸಹಿ ಹಾಕಿದೆ. ಕೈ ನಡುಗಿ ಅಕ್ಷರ ಅಡ್ಡಾದಿಡ್ಡಿಯಾಯಿತು. ಅವರು ಅದನ್ನು ನೋಡಿದರು, ಮಡಿಸಿಕೊಂಡು ಜೇಬಿಗೆ ಹಾಕಿದರು. ರೇಡಿಯೋ ಯಾವಾಗ ಹಾಕಬೇಕೆಂದು ಹೇಳಿದೆ: ದಾರಿಯಲ್ಲಿ ಬೇಡ, ನಿಲ್ದಾಣ ಹತ್ತಿರವಾದಾಗ ಮಾತ್ರ, ಬ್ಯಾಟರಿ ಅರ್ಧವಷ್ಟೇ ಇದೆ. "ಆಯ್ತು," ಎಂದರು.

ಚಕ್ರಗಳಿಗೆ ಕಲ್ಲು ಕೊಟ್ಟು ಬಾಲಕ್ಕೆ ಹಗ್ಗ ಕಟ್ಟಿ ಯಜಮಾನರೂ ಸೌಡಿಯೂ ಹಿಂದಕ್ಕೆ ಎಳೆದು ಹಿಡಿದರು. ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸುವಾಗ ನಿಲ್ಲುವ ನೆಲ ಜಾರಬಾರದು, ತಿರುಗಿಸಿದ ಕೂಡಲೇ ಹಿಂದಕ್ಕೆ ಸರಿಯಬೇಕು. ಗರಸಿನ ಮೇಲೆ ಅಂಟಿದ್ದ ಕೆಸರನ್ನು ಕೆರೆದು ತೆಗೆದು ನಿಂತೆ. ಮೊದಲ ಸಲ ಕೆಮ್ಮಿತು. ಎರಡನೆಯ ಸಲ ಅದೂ ಇಲ್ಲ. ಮೂರನೆಯ ಸಲ ಎಳೆದಾಗ ಹಿಡಿಯಿತು, ಅಲಗು ಕಣ್ಣೆದುರೇ ಮಾಯವಾಯಿತು, ನಾನು ಹಿಂದಕ್ಕೆ ಹಾರಿ ಕೂತುಬಿಟ್ಟೆ. ಎಂಜಿನ್ ಬಿಸಿಯಾದ ಮೇಲೆ ಕ್ಯಾಪ್ಟನ್ ಕೈ ಎತ್ತಿದರು. ಕಲ್ಲು ಸರಿಸಿದೆವು, ಹಗ್ಗ ಬಿಚ್ಚಿದೆವು.

ದಿಬ್ಬದ ಕೊನೆಯಲ್ಲಿ ಚಕ್ರಗಳು ನೀರನ್ನು ಚಿಮ್ಮಿಸಿದ್ದನ್ನು ಕಂಡೆ. ಹೋಯಿತು ಎಂದುಕೊಂಡೆ. ಆಮೇಲೆ ನೀರು ಚಿಮ್ಮುವುದು ನಿಂತಿತು. ವಿಮಾನ ಹಿರಿಯೂರಿನ ಕಡೆ ತಿರುಗಿ ಚಿಕ್ಕದಾಗುತ್ತ ಹೋಯಿತು.

ನಮ್ಮನ್ನು ಮೀನು ಹಿಡಿಯುವವರ ತೆಪ್ಪದಲ್ಲಿ ಸೌಡಿಯೇ ದಾಟಿಸಿದರು. ಬೂತಿಗೆ ಬಂದು ಮಾಲೀಕರಿಗೆ ಫೋನ್ ಮಾಡಿದಾಗ ವಿಮಾನ ತಲುಪಬೇಕಾದ ಹೊತ್ತು ಮೀರಿತ್ತು.

"ಬಂದಿಲ್ಲ. ರೇಡಿಯೋದಲ್ಲಿ ಒಂದು ಮಾತೂ ಕೇಳಿಸಿಲ್ಲ. ಏನು ಮಾಡಿ ಕಳಿಸಿದ್ದೀಯ ನೀನು?"

ಬೂತಿನ ನಂಬರ್ ಕೊಟ್ಟು ಬೆಂಚಿನ ಮೇಲೆ ಕೂತೆ. ಮುಚ್ಚಿದ ಕಣ್ಣಿನೊಳಗೆ ಒಂದೊಂದು ವೈರನ್ನೂ ಮುಟ್ಟುತ್ತ ಬಾಲದಿಂದ ಡ್ಯಾಶ್‌ಬೋರ್ಡಿನವರೆಗೆ ಹೋದೆ, ಮತ್ತೆ ವಾಪಸ್ ಬಂದೆ. ಟೇಪ್ ಸುತ್ತಲು ಮರೆತ ತುದಿ ಯಾವುದಾದರೂ ಉಳಿಯಿತೇ? ಫ್ಯೂಸಿನ ಕೊಂಡಿ ಗಟ್ಟಿ ಕೂತಿತ್ತೇ? ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ಹೊಗೆ ಏಳುತ್ತಿತ್ತು. ಯಜಮಾನರು ಎಲ್ಲಿಂದಲೋ ಕಾಫಿ ತಂದು ಕೈಗಿಟ್ಟು, ಪಕ್ಕದಲ್ಲಿ ಕೂತರು. ಕಾಫಿ ಆರಿತು.

ಫೋನ್ ಬಡಿದುಕೊಂಡಿತು. ಕ್ಯಾಪ್ಟನ್ ಅವರೇ.

"ಇಳಿದೆ. ಗಾಳಿ ಎದುರಿಗಿತ್ತು, ತಡವಾಯ್ತು."

"ಸರ್... ರೇಡಿಯೋ ಸುಟ್ಟುಹೋಯ್ತಾ?"

"ಇಲ್ಲ. ಹಾಕಲೇ ಇಲ್ಲ. ಕಂಟ್ರೋಲ್ ಟವರಿನ ಸುತ್ತ ಸುತ್ತು ಹೊಡೆದೆ, ಇಳೀಬಹುದು ಅಂತ ಹಸಿರು ದೀಪ ತೋರಿಸಿದರು, ಇಳಿದೆ."

"ಯಾಕೆ ಸರ್ ಹಾಕಲಿಲ್ಲ?"

"ಸ್ವಿಚ್ಚಿನ ಮೇಲೆ ಬೆರಳಿಟ್ಟೆ. ಸಹಿ ಹಾಕುವಾಗ ನಿನ್ನ ಕೈ ಹೇಗಿತ್ತು ಅಂತ ನೆನಪಾಯ್ತು. ಬೆರಳು ತೆಗೆದೆ. ಬೇಜಾರು ಮಾಡ್ಕೋಬೇಡ."

ಫೋನ್ ಇಟ್ಟೆ. ಅವರು ಬದುಕಿ ಇಳಿದರು ಎಂಬ ಸಮಾಧಾನ ಒಂದು ಕಡೆ. ನನ್ನ ಕೆಲಸವನ್ನು ಅವರು ನಂಬಲಿಲ್ಲ, ನಂಬದೇ ಇದ್ದದ್ದಕ್ಕೆ ನನ್ನ ಕೈಯೇ ಸಾಕ್ಷಿ ಎಂಬ ಅವಮಾನ ಇನ್ನೊಂದು ಕಡೆ. ಬೂತಿನ ಗಾಜಿಗೆ ಹಣೆ ಒತ್ತಿಕೊಂಡು ಅತ್ತೆ.

ಹೊರಗೆ ಬಂದಾಗ ಯಜಮಾನರು ಎದ್ದು ನಿಂತಿದ್ದರು. ಹೆಗಲ ಮೇಲಿನ ಟವೆಲನ್ನು ಎರಡೂ ಕೈಯಲ್ಲಿ ಹಿಂಡಿ ಹಿಡಿದಿದ್ದರು.

"ಇಳಿದ್ರಂತಾ?"

"ಇಳಿದ್ರಂತೆ."

"ರೇಡಿಯೋ ಮಾತಾಡ್ತಂತಾ? ನಾನು ಆ ವೈರ್ ಕಿತ್ತಿದ್ದಕ್ಕೆ ಅದಕ್ಕೇನಾರ ಆತೇನಪ್ಪ?"

"ಹೂಂ, ಮಾತಾಡ್ತಂತೆ," ಎಂದೆ. "ಬಲು ಚೆನ್ನಾಗಿ ಕೇಳಿಸ್ತಂತೆ."

ಯಜಮಾನರು ಬೆಂಚಿನ ಮೇಲೆ ಕುಸಿದು ಕೂತು, ಟವೆಲಿನಿಂದ ಮುಖ ಮುಚ್ಚಿಕೊಂಡರು.